ಇರಾವತಿ ಕರ್ವೆ: ಅಳತೆ ಮತ್ತು ಅಂತಃಕರಣ

ಗುರುವಿನ ಮತ ಒಂದಾಗಿ, ಕಣ್ಣೆದುರಿನ ಸಾಕ್ಷ್ಯ ಇನ್ನೊಂದಾದಾಗಲೇ ವಿದ್ಯಾರ್ಥಿಯ ಸತ್ಯನಿಷ್ಠೆಗೆ ನಿಜವಾದ ಪರೀಕ್ಷೆ. ನಮ್ಮ ದೇಶದಲ್ಲಿ ಮಾನವಶಾಸ್ತ್ರಕ್ಕೆ ಹಾದಿ ಮಾಡಿದವರಲ್ಲಿ ಅಗ್ರಗಣ್ಯೆಯಾದ ಇರಾವತಿ ಕರ್ವೆಯವರಿಗೆ ಈ ಪರೀಕ್ಷೆ ಬರ್ಲಿನ್ ನಗರದಲ್ಲಿ ಎದುರಾಯಿತು.

1905ರಲ್ಲಿ ಬರ್ಮಾದಲ್ಲಿ ಜನಿಸಿ, ಅಲ್ಲಿನ ಮಹಾನದಿಯ ಹೆಸರನ್ನೇ ಪಡೆದ ಇವರು ಬೆಳೆದುದು ಪುಣೆಯಲ್ಲಿ. ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯೆಯಾಗಿ ಸಮಾಜಶಾಸ್ತ್ರವನ್ನು ಅಭ್ಯಸಿಸಿ, ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮನೆಗೆ ಸೊಸೆಯಾಗಿ ಬಂದರು. ಸ್ತ್ರೀವಿದ್ಯೆಗಾಗಿ ಬಾಳನ್ನೇ ಸವೆಸಿದ ಆ ಮಹನೀಯರಿಗೂ ಸೊಸೆ ಪರದೇಶಕ್ಕೆ ಹೋಗುವುದು ಸಮ್ಮತವಿರಲಿಲ್ಲ. ಪತಿ ದಿನಕರರು ಬೆಂಬಲವಾಗಿ ನಿಂತರು. 1928ರಲ್ಲಿ ಇರಾವತಿಯವರು ಜರ್ಮನಿಗೆ ತೆರಳಿದರು.

ಅಲ್ಲಿ ಅವರ ಮಾರ್ಗದರ್ಶಕರು ಓಯ್ಗೆನ್ ಫಿಶರ್. ತಲೆಬುರುಡೆಯ ಎಡಬಲಗಳ ಅಸಮತೆ ಬಿಳಿಯ ಜನಾಂಗದಲ್ಲಿ ಹೆಚ್ಚು, ಅದು ಅವರ ಬುದ್ಧಿಯ ಹಿರಿಮೆಗೆ ಕುರುಹು ಎಂಬುದು ಗುರುವಿನ ಊಹೆ. ಶಿಷ್ಯೆ 149 ತಲೆಬುರುಡೆಗಳನ್ನು ಅಳೆದು, ಅಸಮತೆಗೂ ಜನಾಂಗಕ್ಕೂ ಸಂಬಂಧವಿಲ್ಲವೆಂದು ತಮ್ಮ ಪ್ರಬಂಧದಲ್ಲಿ ಬರೆದರು. ಕೆಲವೇ ವರ್ಷಗಳಲ್ಲಿ, 1933ರ ಅನಂತರ, ಅಂಥ ಊಹೆಗಳೇ ನಾಜಿ ಆಳ್ವಿಕೆಯ ಕೈಯಲ್ಲಿ ಆಯುಧಗಳಾದುವೆಂಬುದನ್ನು ನೆನೆದರೆ ಆ ಪ್ರಬಂಧದ ಬೆಲೆ ತಿಳಿಯುತ್ತದೆ.

ಆದರೂ ಅಳತೆಗೋಲನ್ನು ಅವರು ತ್ಯಜಿಸಲಿಲ್ಲ. 1939ರಿಂದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದು ಜಾತಿ ಜಾತಿಗಳ ದೇಹಲಕ್ಷಣಗಳನ್ನು ಅಳೆಯುತ್ತಲೇ ಬಂದರು. ಮನುಷ್ಯರನ್ನು ಮೇಲುಕೀಳೆಂದು ವಿಂಗಡಿಸಲು ಬಳಕೆಯಾದ ಸಾಧನವನ್ನು ಹಿಡಿದೂ ಆ ದೋಷ ತಟ್ಟದಂತೆ ಉಳಿಯಬಹುದೆ? ಇಂದಿನ ಓದುಗ ಈ ಪ್ರಶ್ನೆಯನ್ನು ಕೇಳುವುದು ನ್ಯಾಯವೇ. ಉತ್ತರವನ್ನು ಅವರ ಉಳಿದ ಬರಹದಲ್ಲಿ ಅರಸಬೇಕೆಂದು ನನಗೆ ತೋರುತ್ತದೆ.

1953ರಲ್ಲಿ ಪ್ರಕಟವಾದ ಅವರ ಬಂಧುತ್ವ ವ್ಯವಸ್ಥೆಯ ಗ್ರಂಥ ಭಾರತವನ್ನು ನಾಲ್ಕು ವಲಯಗಳಾಗಿ ನೋಡುತ್ತದೆ. ಅಲ್ಲಿ ಅಳೆಯಲ್ಪಡುವುದು ತಲೆಯಲ್ಲ, ಮಾತು. ತಾಯಿಯ ತಮ್ಮನೂ ಗಂಡನ ತಂದೆಯೂ ನಮಗೆ 'ಮಾವ'. ತಂದೆಯ ತಂಗಿಯೂ ಗಂಡನ ತಾಯಿಯೂ 'ಅತ್ತೆ'. ದಿನನಿತ್ಯ ನಾವಾಡುವ ಈ ಶಬ್ದಗಳು ದಕ್ಷಿಣದ ಸೋದರಿಕೆಯ ಮದುವೆಯನ್ನು ಹೇಳುತ್ತವೆ. ಉತ್ತರದಲ್ಲಿ ಹೆಣ್ಣು ಅಪರಿಚಿತರ ಮನೆಗೆ ಸೊಸೆಯಾಗುತ್ತಾಳೆ; ಇಲ್ಲಿ ಅನೇಕ ವೇಳೆ ಬಂಧುಗಳ ಮನೆಗೇ ಹೋಗುತ್ತಾಳೆ. ಶಾಸ್ತ್ರವು ಹೀಗೆ ಹೆಣ್ಣಿನ ಬಾಳನ್ನು ಮುಟ್ಟಿತು.

ಪಂಢರಪುರದ ವಾರಿಯಲ್ಲಿ ಅವರು ಯಾತ್ರಿಕರೊಡನೆ ನಡೆದರು. ನಮ್ಮ ದಾಸರೂ ಹಾಡಿ ಕೊಂಡಾಡಿದ ಆ ವಿಠ್ಠಲನ ಹಾದಿಯಲ್ಲೂ ಬ್ರಾಹ್ಮಣರು, ಮರಾಠರು ಬೇರೆ ಬೇರೆಯಾಗಿ ಉಣ್ಣುವುದನ್ನು ಕಂಡು ನೊಂದು ಬರೆದರು. ಕೊಯ್ನಾ ಅಣೆಕಟ್ಟಿನಿಂದ ನೆಲೆ ತಪ್ಪಿದವರ ಪಾಡನ್ನು ಜಾಯಿ ನಿಂಬಕರರೊಡನೆ ಸಮೀಕ್ಷಿಸಿದ ವರದಿ 1969ರಲ್ಲಿ ಹೊರಬಂದಿತು. 'ಯುಗಾಂತ'ದಲ್ಲಿ ಗಾಂಧಾರಿ, ಕುಂತಿ, ದ್ರೌಪದಿಯರನ್ನು ಪೂಜೆಯ ಪೀಠದಿಂದ ಇಳಿಸಿ ಮನುಷ್ಯರಾಗಿ ಕಂಡರು. 1968ರಲ್ಲಿ ಆ ಮರಾಠಿ ಕೃತಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

1970ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅವರ ಎಲ್ಲ ತೀರ್ಮಾನಗಳೂ ಇಂದು ನಿಲ್ಲಲಾರವು; ಯಾವ ಶಾಸ್ತ್ರಜ್ಞರದೂ ನಿಲ್ಲುವುದಿಲ್ಲ. ಆದರೆ ಅಳೆದುದನ್ನು ಅಳೆದಂತೆಯೇ ಹೇಳುವ ಧೈರ್ಯ, ಅಳೆಯಲಾಗದುದರ ಮುಂದೆ ಕಿವಿಗೊಟ್ಟು ನಿಲ್ಲುವ ವಿನಯ, ಇವೆರಡೂ ಒಬ್ಬರಲ್ಲೇ ಕೂಡಿಬರುವುದು ವಿರಳ. ನಮ್ಮ ವಿದ್ಯಾರ್ಥಿಗಳು ಅವರಿಂದ ಕಲಿಯಬೇಕಾದುದು ಇದನ್ನೇ.