ಹೈಡ್ರಾಲಿಕ್ಸ್ ಕೈಕೊಟ್ಟಾಗ

ದೊಡ್ಡ ಪ್ರಯಾಣಿಕ ವಿಮಾನದ ರೆಕ್ಕೆ ಮತ್ತು ಬಾಲದಲ್ಲಿರುವ ಚಲಿಸುವ ಫಲಕಗಳನ್ನು ನುಗ್ಗಿಬರುವ ಗಾಳಿಗೆದುರಾಗಿ ಹೊರಳಿಸಲು ಪೈಲಟ್‌ನ ತೋಳ್ಬಲ ಸಾಲದಾದ್ದರಿಂದ, ಕೊಳವೆಗಳಲ್ಲಿ ಭಾರಿ ಒತ್ತಡದಲ್ಲಿರುವ ದ್ರವದಿಂದ ಆ ಕೆಲಸ ಮಾಡಿಸಲಾಗುತ್ತದೆ. ಚಕ್ರಗಳನ್ನು ಮಡಚುವುದೂ ಬ್ರೇಕ್ ಹಿಡಿಯುವುದೂ ಇದೇ ಹೈಡ್ರಾಲಿಕ್ ವ್ಯವಸ್ಥೆಯ ಹೊಣೆ. ಏರ್‌ಬಸ್ ಎ320ರಲ್ಲಿ ಹಸಿರು, ನೀಲಿ, ಹಳದಿ ಎಂಬ ಹೆಸರಿನ ಮೂರು ಪ್ರತ್ಯೇಕ ಜಾಲಗಳಿದ್ದು, ಪ್ರತಿಯೊಂದೂ ಚದರ ಅಂಗುಲಕ್ಕೆ 3,000 ಪೌಂಡ್ ಒತ್ತಡದಲ್ಲಿ ದುಡಿಯುತ್ತದೆ ಮತ್ತು ಒಂದರ ದ್ರವ ಇನ್ನೊಂದಕ್ಕೆ ಸೇರುವುದಿಲ್ಲ.

ಒಂದು ಜಾಲ ಕೆಟ್ಟಾಗ ಪೈಲಟ್‌ಗಳ ಮೊದಲ ಕರ್ತವ್ಯ ದುರಸ್ತಿಯಲ್ಲ, ಹಾರಾಟ. ಒಬ್ಬರು ವಿಮಾನವನ್ನು ನಡೆಸುತ್ತಿರುವಾಗ ಇನ್ನೊಬ್ಬರು ಪರದೆಯ ಮೇಲೆ ಮೂಡಿದ ಸೂಚನೆಗಳನ್ನು ಗಟ್ಟಿಯಾಗಿ ಓದುತ್ತ, ಸೋರುವ ಜಾಲದ ಪಂಪನ್ನು ನಿಲ್ಲಿಸಿ, ಕೈಯಲ್ಲಿ ಏನೇನು ಉಳಿದಿದೆ ಎಂದು ಲೆಕ್ಕ ಹಾಕುತ್ತಾರೆ. ಹಸಿರು ಜಾಲ ಹೋಗಿದ್ದರೆ, ಇಬ್ಬರ ಆಸನಗಳ ನಡುವಿನ ಪೀಠದ ಹಿಂಬದಿಯಲ್ಲಿರುವ ಹಿಡಿಯನ್ನು ಹೊರಗೆಳೆದು ಮೂರು ಸುತ್ತು ತಿರುಗಿಸಬೇಕು. ಆಗ ಚಕ್ರಗಳು ತಮ್ಮ ಭಾರದಿಂದಲೇ ಕೆಳಗಿಳಿಯುತ್ತವೆ. ಹಾಗೆ ಇಳಿದ ಚಕ್ರಗಳನ್ನು ಮತ್ತೆ ಮಡಚಲಾಗದು, ಅವು ಹೊರಗಿದ್ದಷ್ಟು ಹೊತ್ತು ಇಂಧನವೂ ಹೆಚ್ಚು ಖರ್ಚಾಗುತ್ತದೆ. ಆದಕಾರಣ ಈ ಕ್ರಮವನ್ನು ನಿಲ್ದಾಣ ಸಮೀಪಿಸಿದ ಮೇಲೆ, ಬೇಕಾದಷ್ಟು ಉದ್ದದ ರನ್‌ವೇ ಖಚಿತವಾದ ಮೇಲೆ ಕೈಗೊಳ್ಳುವುದು ವಿವೇಕ.

ಎಲ್ಲ ಜಾಲಗಳೂ ಒಟ್ಟಿಗೆ ಬರಿದಾಗುವುದು ತೀರ ಅಪರೂಪ. 1989ರ ಜುಲೈ 19ರಂದು ಡೆನ್ವರ್‌ನಿಂದ ಷಿಕಾಗೋಗೆ ಹೊರಟಿದ್ದ ಯುನೈಟೆಡ್ ಸಂಸ್ಥೆಯ ಡಿಸಿ-10 ವಿಮಾನದ ಬಾಲದ ಎಂಜಿನ್ನಿನ ಫ್ಯಾನ್ ತಟ್ಟೆ ಸಿಡಿದು, ಅದರ ಚೂರುಗಳಿಂದಾದ ಹಾನಿಗೆ ಮೂರೂ ಜಾಲಗಳು ಬರಿದಾದವು. ಬೇರೆ ಬೇರೆ ಜಾಲಗಳ ಕೊಳವೆಗಳು ಹತ್ತಿರ ಹತ್ತಿರವೇ ಹಾದುಹೋದರೆ ಮೂರಿದ್ದರೂ ಒಂದೇ ಇದ್ದಂತೆ ಎಂಬುದನ್ನು ಈ ದುರಂತ ತೋರಿಸಿತು. ಕ್ಯಾಪ್ಟನ್ ಆಲ್ ಹೇನ್ಸ್ ಅವರ ತಂಡಕ್ಕೆ ಉಳಿದದ್ದು ರೆಕ್ಕೆಯ ಎರಡು ಎಂಜಿನ್ನುಗಳ ನೂಕುಬಲ ಮಾತ್ರ. ಪ್ರಯಾಣಿಕರಾಗಿ ಬಂದಿದ್ದ ಡಿಸಿ-10 ತರಬೇತುದಾರ ಡೆನ್ನಿ ಫಿಚ್ ಕಾಕ್‌ಪಿಟ್‌ಗೆ ಬಂದು ಆ ನೂಕುಬಲವನ್ನು ಹೆಚ್ಚು ಕಡಿಮೆ ಮಾಡುವ ಎರಡು ಸನ್ನೆಗಳನ್ನು ಹಿಡಿದರು: ಒಂದು ಬದಿಗೆ ಬಲ ಹೆಚ್ಚಿಸಿದರೆ ವಿಮಾನ ಮತ್ತೊಂದು ಬದಿಗೆ ತಿರುಗುತ್ತದೆ, ಎರಡಕ್ಕೂ ಹೆಚ್ಚಿಸಿದರೆ ಮೂತಿ ಮೇಲೇಳುತ್ತದೆ. ಎಂಜಿನ್ ಕೂಡಲೇ ಸ್ಪಂದಿಸದ ಕಾರಣ, ಮೂತಿ ಇಳಿಯುವ ಮುನ್ನವೇ ಊಹಿಸಿ ಬಲ ಕೊಡಬೇಕಾಗಿತ್ತು. ಅಯೋವಾದ ಸೂ ಸಿಟಿಯಲ್ಲಿ ಬಲರೆಕ್ಕೆ ನೆಲಕ್ಕೆ ತಾಗಿ ವಿಮಾನ ಒಡೆಯಿತು. 296 ಮಂದಿಯಲ್ಲಿ 112 ಮಂದಿ ಸತ್ತು, 184 ಮಂದಿ ಬದುಕಿದರು. ಅದೇ ಸ್ಥಿತಿಯನ್ನು ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿದ ತನಿಖಾಧಿಕಾರಿಗಳು ಸುರಕ್ಷಿತ ಇಳಿಕೆ ವಾಸ್ತವದಲ್ಲಿ ಅಸಾಧ್ಯವಾಗಿತ್ತೆಂದು ತೀರ್ಮಾನಿಸಿದ್ದರಿಂದ, ಉಳಿದ ಅಷ್ಟೂ ಜೀವಗಳ ಹಿಂದೆ ಆ ತಂಡದ ಅಸಾಮಾನ್ಯ ಸಾಧನೆ ಇದೆ ಎನ್ನಲೇಬೇಕು.

ಆ ಬಳಿಕ, ಬಾಲಭಾಗದಲ್ಲಿ ಕೊಳವೆ ತುಂಡಾದರೂ ದ್ರವವೆಲ್ಲ ಹರಿದುಹೋಗದಂತೆ ತಡೆಯುವ ಕವಾಟವನ್ನು ಡಿಸಿ-10 ವಿಮಾನಗಳಿಗೆ ಅಳವಡಿಸಲಾಯಿತು. 2003ರ ನವೆಂಬರ್‌ನಲ್ಲಿ ಬಾಗ್ದಾದ್‌ನಿಂದ ಮೇಲೇರಿದ ಎ300 ಸರಕು ವಿಮಾನವೊಂದು ಕ್ಷಿಪಣಿಯ ಹೊಡೆತಕ್ಕೆ ಮೂರೂ ಜಾಲಗಳನ್ನು ಕಳೆದುಕೊಂಡಾಗ, ಅದರ ಮೂವರು ಸಿಬ್ಬಂದಿ ಎಂಜಿನ್ ಬಲವೊಂದರಿಂದಲೇ ಅದನ್ನು ಅದೇ ನಿಲ್ದಾಣಕ್ಕೆ ಮರಳಿ ತಂದು ಇಳಿಸಿ, ಮೂವರೂ ಪಾರಾದರು.