‘ಎಷ್ಟು ದಪ್ಪ ಆಗಿದ್ದೀಯ!’: ಹದಿಹರೆಯದ ಮೈ ಬಗ್ಗೆ ಐದು ತಪ್ಪು ಕಲ್ಪನೆಗಳು

ಮದುವೆಮನೆಯ ಪಂಕ್ತಿಯಲ್ಲಿ ಹದಿಮೂರರ ಹುಡುಗಿ ಎರಡನೇ ಹೋಳಿಗೆ ಹಾಕಿಸಿಕೊಂಡರೆ, ‘ಸಾಕು ಕಣೇ, ಈಗಲೇ ಹೀಗಿದ್ದೀಯ’ ಎಂದು ಸೋದರತ್ತೆ ಎಲ್ಲರೆದುರೇ ಅಂದುಬಿಡುತ್ತಾರೆ. ಕೇಡು ಬಯಸಿ ಆಡಿದ ಮಾತಲ್ಲ. ಆದರೂ ಅಂಥ ಮಾತುಗಳಿಂದಲೇ ಮಕ್ಕಳಿಗೆ ತಮ್ಮ ಮೈಯ ಮೇಲೆ ಬೇಸರ ಹುಟ್ಟುತ್ತದೆ. ತಿದ್ದುವ ಕೆಲಸವೂ ಮನೆಯಿಂದಲೇ ಆಗಬೇಕು.

ತಪ್ಪು ಕಲ್ಪನೆ 1: ದೊಡ್ಡವಳಾದ ಮೇಲೆ ಮೈ ಬಂತು, ಊಟ ಕಡಿಮೆ ಮಾಡಿಸಬೇಕು.
ವಾಸ್ತವ: ಪ್ರಾಯಕ್ಕೆ ಬರುವಾಗ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಹಾರ್ಮೋನುಗಳ ಸಹಜ ಕೆಲಸ. ಮೂಳೆ ಬಲಿಯುವ, ಮುಟ್ಟಿನಲ್ಲಿ ಕಬ್ಬಿಣಾಂಶ ಕಳೆದುಹೋಗುವ ವಯಸ್ಸದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಇವರಿಗೆ ಬೇಕಿರುವುದು ಸೊಪ್ಪು, ಕಾಳು, ರಾಗಿ, ಮೊಟ್ಟೆ; ಉಪವಾಸವಲ್ಲ.

ತಪ್ಪು ಕಲ್ಪನೆ 2: ಹುಡುಗರಿಗೆ ಇಂಥ ಚಿಂತೆ ಇರುವುದಿಲ್ಲ.
ವಾಸ್ತವ: ಹದಿಹರೆಯದಲ್ಲಿ ಅನೇಕ ಹುಡುಗರ ಎದೆ ಸ್ವಲ್ಪ ಉಬ್ಬುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದನ್ನು ಯಾರೂ ಹೇಳದ ಕಾರಣ ಹುಡುಗ ಈಜಲು ಹೋಗುವುದನ್ನೇ ಬಿಡುತ್ತಾನೆ, ಸೆಕೆಯಲ್ಲೂ ಬನಿಯನ್ ಮೇಲೆ ದಪ್ಪ ಶರ್ಟು ತೊಡುತ್ತಾನೆ. ಸಿಕ್ಸ್ ಪ್ಯಾಕ್ ಆಸೆಗೆ ಸ್ಟೆರಾಯ್ಡ್‌ಗಳ ಮೊರೆಹೋದರಂತೂ ಮೂಳೆಯ ಬೆಳವಣಿಗೆ ಬೇಗನೆ ನಿಂತು, ಎತ್ತರವೇ ಕುಂಠಿತವಾಗಬಹುದು.

ತಪ್ಪು ಕಲ್ಪನೆ 3: ಕ್ರೀಮ್ ಹಚ್ಚಿದರೆ ಕಪ್ಪು ಬಣ್ಣ ಹೋಗುತ್ತದೆ.
ವಾಸ್ತವ: ಚರ್ಮದ ಬಣ್ಣ ಹುಟ್ಟಿನಿಂದ ಬಂದ ಮೆಲನಿನ್ ಎಂಬ ವರ್ಣದ್ರವ್ಯದ್ದು, ಅದು ಕೊಳೆಯೂ ಅಲ್ಲ, ಕಾಯಿಲೆಯೂ ಅಲ್ಲ. ಬಣ್ಣ ತಿಳಿಯಾಗಲೆಂದು ವೈದ್ಯರ ಚೀಟಿಯಿಲ್ಲದೆ ತಂದು ಹಚ್ಚುವ ಸ್ಟೆರಾಯ್ಡ್ ಕ್ರೀಮುಗಳಿಂದ ಚರ್ಮ ತೆಳುವಾಗಿ, ಮೊಡವೆ ಹೆಚ್ಚಿ, ಮುಖದಲ್ಲಿ ಕೂದಲು ಬೆಳೆಯಬಹುದು.

ತಪ್ಪು ಕಲ್ಪನೆ 4: ಡುಮ್ಮಿ, ಕಡ್ಡಿ, ಕರಿಯ ಅನ್ನುವುದು ಬರೀ ತಮಾಷೆ.
ವಾಸ್ತವ: ನಗುವವರಿಗೆ ತಮಾಷೆ. ಕೇಳಿಸಿಕೊಂಡವರು ಊಟ ಬಿಡುತ್ತಾರೆ, ಇಲ್ಲವೇ ಕದ್ದು ಮಿತಿಮೀರಿ ತಿನ್ನುತ್ತಾರೆ. ನೆಂಟರು ಹಾಗೆ ಕರೆದರೆ, ‘ಅವಳಿಗೆ ಹೆಸರಿದೆ, ಹೆಸರಿನಿಂದಲೇ ಕರೆಯಿರಿ’ ಎಂದು ಅಪ್ಪ-ಅಮ್ಮ ಅಲ್ಲೇ ಹೇಳಬೇಕು.

ತಪ್ಪು ಕಲ್ಪನೆ 5: ‘ನೀನು ಚೆನ್ನಾಗಿದ್ದೀಯ’ ಎಂದು ಹೊಗಳಿದರೆ ಸಾಕು.
ವಾಸ್ತವ: ಮಾತು ಆಗಲೂ ರೂಪದ ಸುತ್ತಲೇ ತಿರುಗುತ್ತದೆ. ಕಬಡ್ಡಿಯಲ್ಲಿ ಹಿಡಿದ ಪಟ್ಟನ್ನು, ಹಟ ಬಿಡದೆ ಬಿಡಿಸಿದ ಲೆಕ್ಕವನ್ನು ಮೆಚ್ಚಿ. ಮಕ್ಕಳ ಎದುರು ನಿಮ್ಮ ಹೊಟ್ಟೆಯನ್ನೂ ಬಣ್ಣವನ್ನೂ ಹಳಿದುಕೊಳ್ಳಬೇಡಿ; ಅವರು ಕಲಿಯುವುದು ಅದನ್ನೇ.

ಮಗು ಪದೇ ಪದೇ ಊಟ ತಪ್ಪಿಸಿದರೆ, ಉಂಡದ್ದನ್ನು ವಾಂತಿ ಮಾಡಿದರೆ, ಮುಟ್ಟು ನಿಂತರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.