ಗುಂಠೆ ಜಾಗದ ಆಸೆ: ಹೂಡಿಕೆ ಯಾವುದು, ಸಟ್ಟಾ ಯಾವುದು?

ಮ್ಹೈಸಾಳ: ಕಬ್ಬಿನ ಬಿಲ್ಲು, ದ್ರಾಕ್ಷಿಯ ಹಣ ಅಥವಾ ನಿವೃತ್ತಿಯ ಗಂಟು ಕೈಸೇರಿದೊಡನೆ ಮಿರಜ ತಾಲೂಕಿನ ಗಡಿಭಾಗದ ಕನ್ನಡಿಗರ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು, 'ಎಲ್ಲಾದರೂ ಎರಡು ಗುಂಠೆ ಜಾಗ ಹಿಡಿಯೋಣ' ಎಂಬುದು. ಭೂಮಿಯ ಮೇಲಿನ ಈ ನಂಬಿಕೆ ತಪ್ಪಲ್ಲ. ಆದರೆ ಭೂಮಿಗೆ ಸುರಿದ ಹಣವೆಲ್ಲವೂ ಹೂಡಿಕೆಯಾಗುವುದಿಲ್ಲ ಎಂಬುದನ್ನು ನಾವು ಅರಿಯಬೇಕಾಗಿದೆ.

ಅಮೆರಿಕದ ಅರ್ಥಚಿಂತಕರಾದ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಲ್ಲಿಯೇ ಈ ಭೇದವನ್ನು ವಿವರಿಸಿದರು. ಕೂಲಂಕಷವಾಗಿ ಪರಿಶೀಲಿಸಿದ ಮೇಲೆ ಅಸಲಿಗೆ ಭದ್ರತೆ, ಜೊತೆಗೆ ತಕ್ಕ ಆದಾಯ ಕಂಡುಬಂದರೆ ಅದು ಹೂಡಿಕೆ, ಉಳಿದುದೆಲ್ಲ ಸಟ್ಟಾ. ಅವರು ಹೇಳಿದ್ದು ಷೇರು, ಸಾಲಪತ್ರಗಳ ಕುರಿತು. ಆದರೆ ಭೂಮಿಗೂ ಈ ಮಾತು ಸಲ್ಲುತ್ತದೆ.

ಇದಕ್ಕೆ ನಮ್ಮೂರಿನಲ್ಲಿಯೇ ನಿದರ್ಶನವಿದೆ. ಮ್ಹೈಸಾಳ ಏತ ನೀರಾವರಿ ಯೋಜನೆಯು ಕೃಷ್ಣೆಯ ನೀರನ್ನು ಎತ್ತಿ ಕವಠೇಮಹಾಂಕಾಳ, ಜತ್ತ ತಾಲೂಕುಗಳ ಬರಡು ಭೂಮಿಗೆ ಹರಿಸುತ್ತದೆ. ನೀರು ಬಂದ ಹೊಲದ ಬೆಲೆ ಏರಿದರೆ ಅದಕ್ಕೆ ಆಧಾರವಿದೆ: ಆ ಹೊಲ ಹೆಚ್ಚು ಬೆಳೆಯುತ್ತದೆ. 'ಇಲ್ಲಿ ದೊಡ್ಡ ರಸ್ತೆ ಬರಲಿದೆ, ಕಾರಖಾನೆ ಬರಲಿದೆ' ಎಂಬ ಸುದ್ದಿಯಿಂದಲೇ ಏರಿದ ಬೆಲೆಗೆ ಆಧಾರ ಒಂದೇ: ನಮಗಿಂತ ಹೆಚ್ಚು ಕೊಡುವ ಇನ್ನೊಬ್ಬ ಗಿರಾಕಿ ಸಿಕ್ಕಾನೆಂಬ ನಿರೀಕ್ಷೆ.

ಒಂದು ಸರಳ ಲೆಕ್ಕ ನೋಡೋಣ. ಶೇ. 12ರ ಸರಳ ಬಡ್ಡಿಗೆ 10 ಲಕ್ಷ ರೂಪಾಯಿ ಸಾಲ ತಂದು ಖಾಲಿ ಜಾಗ ಕೊಂಡರೆ ಐದು ವರ್ಷಕ್ಕೆ ಬಡ್ಡಿಯೇ 6 ಲಕ್ಷ. ಜಾಗ 16 ಲಕ್ಷಕ್ಕೆ ಮಾರಿದರೂ ಲಾಭವಿಲ್ಲ. ಮುದ್ರಾಂಕ, ನೋಂದಣಿ ಶುಲ್ಕಗಳು ಬೇರೆ. ಅದೇ ಹಣವನ್ನು ಸಾಲವಿಲ್ಲದೆ ತೊಡಗಿಸಿ, ತಿಂಗಳಿಗೆ 5,000 ರೂಪಾಯಿ ಬಾಡಿಗೆ ತರುವ ಮಳಿಗೆ ಕೊಂಡರೆ ಬೆಲೆ ಏರದಿದ್ದರೂ ಐದು ವರ್ಷದಲ್ಲಿ 3 ಲಕ್ಷ ಕೈಸೇರುತ್ತದೆ.

ಗುಂಠೆ ವ್ಯವಹಾರದಲ್ಲಿ ಇನ್ನೊಂದು ಅಪಾಯವಿದೆ. ಒಂದು ಗುಂಠೆ ಎಂದರೆ 1,089 ಚದರ ಅಡಿ. ಮಹಾರಾಷ್ಟ್ರದಲ್ಲಿ 1947ರ ತುಕಡೇಬಂದಿ ಕಾಯ್ದೆಯು ಕೃಷಿಭೂಮಿಯನ್ನು ಚೂರುಚೂರಾಗಿ ಮಾರುವುದನ್ನು ತಡೆಯುತ್ತದೆ. 2023ರಲ್ಲಿ ಈ ಮಿತಿಯನ್ನು ಇಳಿಸಲಾಯಿತಾದರೂ ಬಾಗಾಯತಿಗೆ 10 ಗುಂಠೆ, ಜಿರಾಯತಿಗೆ 20 ಗುಂಠೆ ಬೇಕೇ ಬೇಕು. 2025ರ ಸಡಿಲಿಕೆಯನ್ನು ತೋರಿಸಿ ಯಾರಾದರೂ ಹೊಲದ ತುಂಡನ್ನು ಮಾರಲು ಬಂದರೆ, ಅದು ಆ ಗಟ್ ನಂಬರಿಗೆ ಅನ್ವಯಿಸುತ್ತದೆಯೇ ಎಂದು ತಹಶೀಲ್ದಾರ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಕೇವಲ ಛಾಪಾ ಕಾಗದದ ನೋಟರಿ ಕರಾರಿನಿಂದ ಒಡೆತನ ಬರುವುದಿಲ್ಲ. ಮುಖತ್ಯಾರಪತ್ರದ ಮೂಲಕ ನಡೆಯುವ ಮಾರಾಟವೂ ಒಡೆತನ ಕೊಡದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಹೆಸರಿಗೆ ಏರದ ಜಾಗಕ್ಕೆ ನಾಳೆ ಗಿರಾಕಿ ಎಲ್ಲಿಂದ ಬರಬೇಕು?

ಗಡಿಯ ಎರಡೂ ಕಡೆ ನೆಂಟಸ್ತಿಕೆ ಇರುವ ನಮಗೆ ಇನ್ನೊಂದು ಗೊಂದಲವೂ ಉಂಟು. ಕರ್ನಾಟಕವು 2020ರಲ್ಲಿ ಕಾಯ್ದೆ ತಿದ್ದಿ ಕೃಷಿಕರಲ್ಲದವರಿಗೂ ಹೊಲ ಕೊಳ್ಳಲು ಅವಕಾಶ ನೀಡಿತು. ಮಹಾರಾಷ್ಟ್ರದಲ್ಲಿ ಹಾಗಿಲ್ಲ, ಸಾಮಾನ್ಯವಾಗಿ ಕೃಷಿಕನೇ ಕೃಷಿಭೂಮಿ ಕೊಳ್ಳಬೇಕು. ಕಾಗವಾಡದ ರೂಢಿ ಮ್ಹೈಸಾಳಕ್ಕೆ ಸಲ್ಲದು.

ಆದುದರಿಂದ ಸಂಚಕಾರ ಕೊಡುವ ಮೊದಲು ಇವಿಷ್ಟನ್ನು ನೋಡಬೇಕು: ಸಾತ್‌ಬಾರಾ ಉತಾರೆಯಲ್ಲಿ ಮಾರುವವನ ಹೆಸರಿದೆಯೇ; 'ಇತರ ಹಕ್ಕು' ಕಾಲಮ್ಮಿನಲ್ಲಿ ಬ್ಯಾಂಕು, ಸೊಸೈಟಿಗಳ ಬೋಜಾ ಇದೆಯೇ; ಎನ್.ಎ. ಆದೇಶ ಮತ್ತು ಮಂಜೂರಾದ ನಕ್ಷೆ ಇವೆಯೇ. ದೊಡ್ಡ ಬಡಾವಣೆಯಾದರೆ ಮಹಾರೇರಾ ನೋಂದಣಿ ಸಂಖ್ಯೆ ಇದೆಯೇ. ಸಾಂಗಲಿ, ಮಿರಜದ ನದಿಯಂಚಿನಲ್ಲಾದರೆ ಪ್ರವಾಹದ ನೀಲಿ, ಕೆಂಪು ರೇಖೆಗಳನ್ನೂ ವಿಚಾರಿಸಬೇಕು. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾಗದಗಳು ಮರಾಠಿಯಲ್ಲಿರುತ್ತವೆ. ಕನ್ನಡವನ್ನಷ್ಟೇ ಓದಬಲ್ಲ ನಮ್ಮ ಹಿರಿಯರು ದಲಾಲನ ಬಾಯಿಮಾತನ್ನೇ ನಂಬಿ ಹೆಬ್ಬೆಟ್ಟು ಒತ್ತುವಂತಾಗಬಾರದು. ಎರಡೂ ಭಾಷೆ ಬಲ್ಲ ಯುವಕ ಯುವತಿಯರು, ಶಿಕ್ಷಕರು ಅವುಗಳನ್ನು ಓದಿ ಕನ್ನಡದಲ್ಲಿ ತಿಳಿಹೇಳಬೇಕು. ಕೊಳ್ಳುವವರು ಕೊನೆಯದಾಗಿ ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಹತ್ತು ವರ್ಷ ಬೆಲೆ ಏರದಿದ್ದರೂ ಈ ಭೂಮಿ ನನಗೆ ಬೆಳೆಯನ್ನೋ, ಬಾಡಿಗೆಯನ್ನೋ, ಇರಲು ಮನೆಯನ್ನೋ ಕೊಡುವುದೇ? ಕೊಡುವುದಾದರೆ ಕೊಳ್ಳಬಹುದು. ಇಲ್ಲವಾದರೆ ಅದು ಸಟ್ಟಾ. ಮಕ್ಕಳ ಓದಿಗೆ, ಮದುವೆಗೆ ಕೂಡಿಟ್ಟ ಹಣವನ್ನು ಅದರಿಂದ ದೂರವಿಡುವುದೇ ಲೇಸು.